ಪದ ಬೇಕು: ಫೋನ್ ‘ಫ್ಲ್ಯಾಷ್’ ಮಾಡುವುದಕ್ಕೆ (ಬೋರ್ಡ್ ಬರೆಸಬೇಕು, ನಾಳೆಯೇ)

ಎಲ್ಲರಿಗೂ ನಮಸ್ಕಾರ.

ಗೋಣಿಕೊಪ್ಪದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಅಪ್‌ಡೇಟ್ ನಿಂತುಹೋದ ಹಳೇ ಫೋನ್‌ಗಳಿಗೆ ಪೋಸ್ಟ್‌ಮಾರ್ಕೆಟ್‌ಓಎಸ್, ಉಬುಂಟು ಟಚ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಇದಕ್ಕೇ ಜನ ‘ಫ್ಲ್ಯಾಷ್ ಮಾಡುವುದು’ ಅನ್ನುತ್ತಾರೆ. ಬೋರ್ಡ್ ಬರೆಯುವವನು ನಾಳೆ ಬರುತ್ತಾನೆ.

ಹಳೇ ಬೋರ್ಡಿನಲ್ಲಿ ‘ಫೋನಿಗೆ ಲಿನಕ್ಸ್ ಹಾಕಿಕೊಡಲಾಗುವುದು’ ಅಂತ ಇತ್ತು. ಎಡವಟ್ಟಾಗಿದ್ದೇ ಅಲ್ಲಿ. ಪುತ್ತರಿ ಸುಗ್ಗಿಹಬ್ಬ ಕಳೆದ ವಾರ ಒಬ್ಬ ಅಜ್ಜಿ ಫೋನ್ ತಂದರು. ‘ಹಾಕ್ಲಾ?’ ಅಂದೆ. ‘ಹಾಕಪ್ಪ’ ಅಂದರು. ವಾಟ್ಸಾಪ್ ಹಾಕಿದ ಹಾಗೆ ಇದೂ ಒಂದು ಅಂತ ಅವರ ಲೆಕ್ಕ. ಬೂಟ್‌ಲೋಡರ್ (ಫೋನನ್ನು ಶುರುಮಾಡುವ ತಂತ್ರಾಂಶ) ಬೀಗ ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಯಿತು. ಸಂಜೆ ಬಂದವರು ಮೊದಲು ಹುಡುಕಿದ್ದು ಮೊಮ್ಮಗು ಕದಿರು ಹಿಡಿದುಕೊಂಡ ಫೋಟೋ. ಹೊಸ ಪರದೆಯನ್ನು ಬೆರಳಲ್ಲಿ ಸರಿಸುತ್ತಲೇ ಇದ್ದರು.

ತಪ್ಪು ನನ್ನದೇ, ಕೇಳಿ ತೆಗೆದಿಡಬೇಕಿತ್ತು. ಆದರೆ ‘ಹಾಕು’ ಕೂಡ ಕೈಕೊಟ್ಟಿತು ಅಲ್ವಾ? ಇದ್ದದ್ದನ್ನು ಪೂರ್ತಿ ತೆಗೆದು ಹೊಸದನ್ನು ಇಳಿಸುತ್ತೇವೆ ಅಂತ ಗೊತ್ತಾಗುವ ಮಾತು ಬೇಕು. ಚಿಕ್ಕದಿರಲಿ. ಅಕ್ಷರಕ್ಕಿಷ್ಟು ಅಂತ ಅವನ ದರ, ಒತ್ತಿಗೆ ಬೇರೆ.

— ಗೋಣಿಕೊಪ್ಪ

‘ಅನುಸ್ಥಾಪನೆ’. ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ನ ಕನ್ನಡದಲ್ಲಿ ಎಂದೋ ಬಂದಿದೆ. ಚರ್ಚೆ ಯಾಕೆ?

— ಮೈಸೂರು

ಆ ‘ಅನು’ ಅಲ್ಲಿ ಏನು ಕೆಲಸ ಮಾಡುತ್ತಿದೆ, ಹೇಳಿ ನೋಡೋಣ. ಅದೂ ಅಲ್ಲದೆ ಅದು ಇನ್‌ಸ್ಟಾಲ್‌ಗೆ ಮಾಡಿದ ಪದ, ಫ್ಲ್ಯಾಷ್‌ಗೆ ಅಲ್ಲ. ತಮ್ಮಾ, ನೀನು ‘ಮಿಂಚಿಸು’ ಅಂತ ಬರೆಸು. ಅಚ್ಚಗನ್ನಡ. ಮತ್ತೆ ‘ಬೋರ್ಡ್’ ಯಾಕೆ, ‘ಹಲಗೆ’ ಇಲ್ಲವೇ?

— ನಿವೃತ್ತ ಮೇಷ್ಟ್ರು, ಮಡಿಕೇರಿ

ಹಲಗೆ ‘ಫಲಕ’ದ ತದ್ಭವ. ಮುಂದೆ?

‘ಮಿಂಚಿಸು’ ಅರ್ಥದಲ್ಲೇ ಉಲ್ಟಾ. ಫ್ಲ್ಯಾಷ್ ಮೆಮೊರಿ 1980ರ ದಶಕದಲ್ಲಿ ತೋಷಿಬಾದ ಫುಜಿಯೋ ಮಸುವೊಕ ಮಾಡಿದ್ದು. ಅದರಲ್ಲಿ ಒಂದೇ ಏಟಿಗೆ ಎಲ್ಲ ಅಳಿಸುವುದು ಕ್ಯಾಮೆರಾ ಫ್ಲ್ಯಾಷ್ ಹೊಡೆದ ಹಾಗೆ ಕಂಡಿತು ಅಂತ ಅವರ ಸಹೋದ್ಯೋಗಿ ಆ ಹೆಸರು ಸೂಚಿಸಿದರು. ಮಿಂಚಿದ್ದು ಅಳಿಸುವ ಕೆಲಸ, ಬರೆಯುವ ಕೆಲಸ ಅಲ್ಲ.

— ಮೈಸೂರು

‘ಫೋನ್ ಮಿಂಚಿಸಿಕೊಡಲಾಗುವುದು’ ಅಂದರೆ ಜನ ಗಾಜು ಒರೆಸಿಕೊಳ್ಳಲು ಬರುತ್ತಾರೆ ಮೇಷ್ಟ್ರೇ!

ಇದಕ್ಕೆ ನಮ್ಮ ತೋಟದಲ್ಲೇ ಪದ ಇದೆ. ‘ಕಸಿ’. ಮೆಣಸಿಗೆ ಸೊರಗು ರೋಗ ಬರಬಾರದು ಅಂತ ಬ್ರೆಜಿಲ್ಲಿನ ಹಿಪ್ಪಲಿ ಬುಡಕ್ಕೆ ಒಳ್ಳೇ ಬಳ್ಳಿಯ ಕುಡಿ ಕಟ್ಟುತ್ತೇವೆ. ಬುಡ ಒಂದು, ತಲೆ ಇನ್ನೊಂದು. ‘ಫೋನಿಗೆ ಲಿನಕ್ಸ್ ಕಸಿ’. ಕೊಡಗಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

— ವಿರಾಜಪೇಟೆ

ಕಸಿ ಅಂದರೆ ಕಿತ್ತುಕೊಳ್ಳುವುದೂ ಹೌದು. ರಿಪೇರಿ ಅಂಗಡಿಗೆ ಒಳ್ಳೇ ಹೆಸರು.

— ನಿವೃತ್ತ ಮೇಷ್ಟ್ರು, ಮಡಿಕೇರಿ

ವಿರಾಜಪೇಟೆಯ ಅಣ್ಣ, ಕಸಿ ನನಗೂ ಹಿಡಿಸಿತು. ಆದರೆ ಅರ್ಧ ಕೆಲಸಕ್ಕೆ ಮಾತ್ರ ಸರಿ. ಉಬುಂಟು ಟಚ್‌ನಲ್ಲಿ ಹೆಚ್ಚಿನ ಫೋನ್‌ಗಳಿಗೆ ಹ್ಯಾಲಿಯಂ ಅಂತ ಒಂದು ಪದರ ಇರುತ್ತೆ. ಅದರ ಕೆಳಗೆ ಆಂಡ್ರಾಯ್ಡಿನದೇ ಕರ್ನಲ್ (ಸಿಸ್ಟಂನ ತಿರುಳು), ಅದರದೇ ಡ್ರೈವರ್. ಅದು ಪಕ್ಕಾ ಕಸಿ. ಪೋಸ್ಟ್‌ಮಾರ್ಕೆಟ್‌ಓಎಸ್ ಮೇನ್‌ಲೈನ್ (ಅಂದರೆ ಲಿನಕ್ಸ್‌ನ ಮೂಲ) ಕರ್ನಲ್‌ನಲ್ಲಿ ಓಡುವ ಫೋನಾದರೆ ಬುಡವನ್ನೂ ಕಿತ್ತು ಬೇರೆ ನೆಟ್ಟ ಹಾಗೆ. ಮೋಡೆಮ್ ಫರ್ಮ್‌ವೇರ್‌ನಂಥ ಒಂದೆರಡು ಬೇರು ಮಾತ್ರ ಹಳೇದು ಉಳಿಯುತ್ತೆ. ಇನ್ನು ಲಿನಕ್ಸ್‌ಗೆಂದೇ ಮಾಡಿದ ಪೈನ್‌ಫೋನ್ ಎಸ್‌ಡಿ ಕಾರ್ಡಿನಿಂದಲೇ ಶುರುವಾಗುತ್ತೆ. ಅಲ್ಲಿ ಏನೂ ಅಳಿಸಬೇಕಾಗಿಲ್ಲ, ‘ಹಾಕು’ ಅಂದರೆ ನಿಜಕ್ಕೂ ಕಾರ್ಡ್ ಹಾಕುವುದೇ.

— ಗೋಣಿಕೊಪ್ಪ

ನಾವು ಮನೆಯಲ್ಲಿ ಕೊಡವ ತಕ್ಕ್ ಆಡುವವರು. ನಮಗೆ ನಿಮ್ಮ ಅನುಸ್ಥಾಪನೆಯೂ ಹೊರಗಿನದು, ಫ್ಲ್ಯಾಷೂ ಹೊರಗಿನದು. ತೋಟದಲ್ಲಿ ರೈಟರ್, ಪಲ್ಪರ್, ಲೈನ್ ಮನೆ ಅಂತ ತಲೆಮಾರುಗಳಿಂದ ಹೇಳುತ್ತಿದ್ದೇವೆ. ಆಗ ಯಾರೂ ಹಲಗೆ ಹಿಡಿದು ಬರಲಿಲ್ಲ. ಸ್ಲೇಟು ಒರೆಸಿ ಬರೆಯೋದು ಎಲ್ಲರಿಗೂ ಗೊತ್ತು. ‘ಒರೆಸಿ ಬರೆ’ ಅನ್ನಿ, ಮುಗಿಯಿತು.

— ನಾಪೋಕ್ಲು

ಹೊರಗಿನದೆಲ್ಲ ಒಂದೇ ಎಂದರೆ ಪದಚರ್ಚೆ ಯಾಕೆ ಬೇಕು? ಪಲ್ಪರ್ ಯಂತ್ರದ ಜೊತೆಗೇ ಬಂದ ಹೆಸರು. ‘ಬರೆ’ ನಮ್ಮ ಬೇರಿನ ಕ್ರಿಯಾಪದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

— ನಿವೃತ್ತ ಮೇಷ್ಟ್ರು, ಮಡಿಕೇರಿ

ಮೇಷ್ಟ್ರೇ, ಕೊನೆಗೆ ಅವರ ಪದವನ್ನೇ ಒಪ್ಪಿದಿರಿ. ಅದನ್ನೂ ಬೈದುಕೊಂಡೇ.

— ವಿರಾಜಪೇಟೆ

ನಾಪೋಕ್ಲು ಅಕ್ಕನಿಗೆ ಥ್ಯಾಂಕ್ಸ್. ಬರೆಸಿದ್ದು ಇಷ್ಟು: ‘ಹಳೇದು ಒರೆಸಿ ಲಿನಕ್ಸ್ ಬರೆದುಕೊಡುತ್ತೇವೆ. ಫೋಟೋ ಮೊದಲೇ ತೆಗೆದಿಡಿ.’ ಬರೆಯುವವನು ಓದಿ, ‘ಜನ ಫ್ಲ್ಯಾಷ್ ಮಾಡ್ತೀರಾ ಅಂತಲೇ ಕೇಳೋದು, ಅದೆಲ್ಲಿ?’ ಅಂದ. ಕೆಳಗೆ ಸಣ್ಣದಾಗಿ ಅದನ್ನೂ ಸೇರಿಸಿದ. ಎರಡು ಒತ್ತಿಗೂ ದುಡ್ಡು ತಗೊಂಡ.

ತದ್ಭವದ ಜಗಳಕ್ಕೆ ದಯವಿಟ್ಟು ಬೇರೆ ತಲೆಬರಹ ಕೊಡಿ. ಅಂಗಡಿ ಫೋನ್ ಬೆಳಗ್ಗಿನಿಂದ ಟಣ್ ಟಣ್ ಅಂತಲೇ ಇದೆ.

— ಗೋಣಿಕೊಪ್ಪ