ಶೀಟಿನ ಮೇಲೆ ಮಳೆ ಬಿದ್ದರೆ ಪದ್ಯವೇ ಕೇಳಲ್ಲ, ಸಹಾಯ ಬೇಕು

ನಮಸ್ಕಾರ. ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷ, ಊರು ತೀರ್ಥಹಳ್ಳಿ ಕಡೆ. ಸ್ಟುಡಿಯೋ ಪ್ರಾಜೆಕ್ಟಿಗೆ ತುಂಗಾ ದಂಡೆಯಲ್ಲಿ 300 ಜನ ಕೂರುವ ತೆರೆದ ರಂಗಮಂದಿರ ಡಿಸೈನ್ ಮಾಡುತ್ತಿದ್ದೇನೆ. ಯಕ್ಷಗಾನ ಬಯಲಾಟದ ಹಾಗೆ ಮೂರು ಕಡೆಯೂ ಜನ ಕೂರಬೇಕು ಅನ್ನೋದು ನನ್ನ ಹಠ.

ತೊಂದರೆ ಮಳೆಯದ್ದು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತೆ, ಸರಿ. ಆದರೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ಜಾಸ್ತಿ ನಡೆಯೋದೇ ಆಗ ಅಲ್ವಾ?

ಮೊದಲು ಹಂಚಿನ ಮಾಡು ಹಾಕಿದೆ. 18 ಮೀಟರ್ ಅಗಲಕ್ಕೆ ಮಧ್ಯೆ ಕಂಬ ಬಂತು, ನೋಟಕ್ಕೆ ಅಡ್ಡ. ಕಂಬ ತೆಗೆದು ಸ್ಟೀಲ್ ಟ್ರಸ್ (ಮಧ್ಯೆ ಕಂಬ ಇಲ್ಲದೆ ಮಾಡು ಹೊರುವ ಚೌಕಟ್ಟು), ಮೇಲೆ ಶೀಟ್ ಮಾಡಿದೆ. ಆಮೇಲೆ ಮನೆಯ ಶೀಟಿನ ಕೊಟ್ಟಿಗೆಯಲ್ಲೇ ಪರೀಕ್ಷೆ. ಜೋರು ಮಳೆ. ಅಪ್ಪ ಮೂಲೆಯಲ್ಲಿ ನಿಂತು ಪದ್ಯ ಹೇಳಿದರು, ನಾನು ಆರು ಹೆಜ್ಜೆ ದೂರ. ತುಟಿ ಆಡೋದು ಮಾತ್ರ ಕಂಡಿತು! ಶೀಟಿನಡಿಗೆ ಅಡಿಕೆ ಹಾಳೆ ಒತ್ತೊತ್ತಾಗಿ ಕಟ್ಟಿ ನೋಡಿದೆ. ಸದ್ದು ಸ್ವಲ್ಪ ತಗ್ಗಿತು, ಆದರೆ ಎರಡೇ ವಾರಕ್ಕೆ ಬೂಷ್ಟು. (ಅಮ್ಮನ ಬೈಗುಳ ಬೇರೆ.) ಹೆಗ್ಗೋಡಿನ ನೀನಾಸಂ ರಂಗಮಂದಿರವನ್ನೂ ನೋಡಿ ಬಂದೆ. ಅದು ಗೋಡೆಯೊಳಗಿನ ರಂಗ, ನನ್ನ ಸಮಸ್ಯೆಯೇ ಬೇರೆ.

ಗೈಡ್ ಎರಡು ಕಡೆ ಗೋಡೆ ಎಬ್ಬಿಸು ಅಂತಾರೆ. ಅದರಿಂದ ಇರಚಲು ನಿಲ್ಲಬಹುದು. ಮೇಲಿನ ಸದ್ದು ಹೇಗೆ ನಿಲ್ಲುತ್ತೆ? ನಾನು ಸಿಕ್ಕಿಕೊಂಡಿರೋದು ಇಲ್ಲೇ.

ನನ್ನ ಪ್ರಶ್ನೆ ಇಷ್ಟೇ: ಗೋಡೆ ಹಾಕದೆ ಸದ್ದು ತಗ್ಗಿಸಲು ಶೀಟಿನ ಮೇಲೆ ಹಂಚು ಹೊದಿಸಿದರೆ ಸಾಕಾ, ಅಥವಾ ಕೆಳಗೆ ಗಾಳಿಗೆ ಜಾಗ ಬಿಟ್ಟು ಹಲಗೆಯ ಸೀಲಿಂಗ್ ಕೊಡಲೇಬೇಕಾ? ಮಲೆನಾಡಿನಲ್ಲಿ ಇದನ್ನು ಮಾಡಿಸಿದವರು ಇದ್ದರೆ, ಶೀತಕ್ಕೆ ಹಲಗೆ ಎಷ್ಟು ವರ್ಷ ತಡೆಯಿತು ಅಂತಲೂ ಹೇಳಿ.