ಕಾಯಿಲ್ ಹಾಕಿ ಆಯ್ತು, ಇನ್ನೂ ಯಾಕೆ ಐಸಿಯು?

ವಿರಾಜಪೇಟೆಯಿಂದ ಕೇಳಿದ್ದು:
ಅಮ್ಮನಿಗೆ ತಲೆಯೊಳಗೆ ರಕ್ತನಾಳ ಉಬ್ಬಿ ಒಡೆದಿತ್ತು. ಮೈಸೂರಿನಲ್ಲಿ ಆ ಉಬ್ಬಿನೊಳಗೆ ಕಾಯಿಲ್ (ತೆಳು ಲೋಹದ ತಂತಿಯ ಸುರುಳಿ) ಹಾಕಿ ಮುಚ್ಚಿದ್ದಾರೆ. ಇವತ್ತಿಗೆ ಐದು ದಿನ. ಚೆನ್ನಾಗಿಯೇ ಮಾತಾಡುತ್ತಾರೆ. ಆದರೂ ಡಾಕ್ಟರು ‘ನಾಳ ಬಿಗಿಯಬಹುದು, ಎರಡು ವಾರ ಬಿಡಲ್ಲ’ ಅನ್ನುತ್ತಾರೆ. ಇಲ್ಲಿ ಕಾಫಿ ಕೊಯ್ಲು ಅರ್ಧಕ್ಕೆ ನಿಂತಿದೆ. ಕೇಳಿಕೊಂಡು ಊರಿಗೆ ಕರೆತರಬಹುದಾ?

ಮಡಿಕೇರಿಯಿಂದ:
ಬೇಡ ತಮ್ಮ, ದಯವಿಟ್ಟು ಬೇಡ. ನಮ್ಮ ಯಜಮಾನರೂ ಐದನೇ ದಿನ ಹೀಗೇ ನಗ್ತಾ ಇದ್ದರು. ಏಳನೇ ದಿನ ಬೆಳಿಗ್ಗೆ ಕಾಫಿ ಕೇಳಲು ಹೋದರು, ಮಾತು ತೊದಲಿತು. ಬಲಗೈ ಸೋತಿತ್ತು. ನಿದ್ದೆಗಣ್ಣು ಅಂದುಕೊಂಡು ಅರ್ಧ ಗಂಟೆ ಸುಮ್ನೆ ಕೂತೆ. ಆ ಅರ್ಧ ಗಂಟೆ ಈಗಲೂ ಚುಚ್ಚುತ್ತದೆ.

ಕಾಯಿಲ್ ಸೋರಿಕೆ ನಿಲ್ಲಿಸುತ್ತದೆ, ಅಷ್ಟೇ. ಆಗಲೇ ಚೆಲ್ಲಿದ ರಕ್ತ ಅಲ್ಲೇ ಇರುತ್ತದಲ್ವಾ? ಅದು ಒಡೆದು ಕರಗುವಾಗ ಸುತ್ತಲಿನ ನಾಳಗಳನ್ನು ಕೆಣಕುತ್ತದೆ. ನಾಳ ಮುದುಡಿದರೆ ಮೆದುಳಿಗೆ ರಕ್ತ ಸಾಲದೆ ಸ್ಟ್ರೋಕ್ ಆಗಬಹುದು. ಸಾಮಾನ್ಯವಾಗಿ ನಾಳ ಒಡೆದ ಮೇಲೆ 3ರಿಂದ 14ನೇ ದಿನದೊಳಗೆ, ಏಳರಿಂದ ಹತ್ತರವರೆಗೆ ಭಯ ಜಾಸ್ತಿ. ಮುದುಡಿದ ನಾಳದಲ್ಲೂ ರಕ್ತ ಹರಿಯಲಿ ಅಂತ ನಮ್ಮ ಯಜಮಾನರಿಗೆ ಔಷಧಿ ಕೊಟ್ಟು ಬಿಪಿ ಏರಿಸಿದರು! ಜೀವನವಿಡೀ ಬಿಪಿ ಇಳಿಸಿ ಅಂತ ಕೇಳಿದವರಿಗೆ ಗಾಬರಿಯೇ ಆಯಿತು. ಅದೂ ಸಾಲದೆ ತೊಡೆಸಂದಿಯಿಂದ ನಳಿಗೆ ಹಾಕಿ ನೇರ ನಾಳಕ್ಕೇ ಔಷಧಿ ಬಿಟ್ಟರು. ಮಾತು ವಾಪಸ್ ಬಂತು. ಬೆರಳು ಇನ್ನೂ ಸ್ವಲ್ಪ ಮರಗಟ್ಟಿದ ಹಾಗೇ ಇದೆ. ನಮ್ಮೂರಿಂದ ಮೈಸೂರಿಗೆ ಹತ್ತಿರ ಹತ್ತಿರ 120 ಕಿಲೋಮೀಟರು. ಮನೆಯಲ್ಲಿದ್ದಾಗ ಆಗಿದ್ದರೆ?

ಒಳಗೆ ಬಿಟ್ಟಾಗಲೆಲ್ಲ ಒಂದೇ ಪ್ರಶ್ನೆ ಕೇಳಿ. ನಾಯಿ ಹೆಸರೋ, ತೋಟದ ಲೆಕ್ಕ ಬರೆಯುವ ರೈಟರ ಹೆಸರೋ. ಎರಡೂ ಕೈ ಎತ್ತಿಸಿ. ಸ್ವಲ್ಪ ಏರುಪೇರಾದರೂ, ಸುಮ್ಮನೆ ಮಂಕಾದರೂ, ಆಗಲೇ ಸಿಸ್ಟರನ್ನು ಕರೆಯಿರಿ. ಬೈದರೆ ಬೈಯಲಿ.

ಸೋಮವಾರಪೇಟೆಯಿಂದ:
ಅಕ್ಕ ಹೇಳಿದ್ದು ಸರಿ. ನಾಳ ಬಿಗಿದು ಆಗುವ ಹಾನಿ ಕಡಿಮೆ ಮಾಡಲು ಕೊಡುವ ನಿಮೋಡಿಪಿನ್ ಮಾತ್ರೆ ಬಗ್ಗೆ ಒಂದು ಮಾತು. ನಮ್ಮ ಅಪ್ಪನಿಗೆ ನಾಲ್ಕು ಗಂಟೆಗೊಮ್ಮೆ, ಒಟ್ಟು 21 ದಿನ ಇತ್ತು. ಅದು ಮುಗಿಯುವ ಮೊದಲೇ ಡಿಸ್ಚಾರ್ಜ್ ಆದ್ದರಿಂದ ಕೊನೆಯ ದಿನಗಳಲ್ಲಿ ಮನೆಯಲ್ಲಿ ರಾತ್ರಿಯೂ ಅಲಾರಂ ಇಟ್ಟು ಎಬ್ಬಿಸುತ್ತಿದ್ದೆವು. ಬಿಪಿ ಇಳಿದರೆ ಡಾಕ್ಟರೇ ಡೋಸ್ ಬದಲಿಸುತ್ತಾರೆ, ನೀವಾಗಿ ನಿಲ್ಲಿಸಬೇಡಿ. ರಕ್ತದಲ್ಲಿ ಸೋಡಿಯಂ ಇಳಿಯುವುದೂ ಉಂಟು. ಹಾಗಂತ ನೀರು ಕಡಿಮೆ ಮಾಡುವುದು, ಎಳನೀರು ಕುಡಿಸುವುದು ಎರಡೂ ಕೇಳದೆ ಬೇಡ.

ವಿರಾಜಪೇಟೆಯಿಂದ, ಮರುದಿನ:
ಕೊಯ್ಲು ಚಿಕ್ಕಪ್ಪನಿಗೆ ಒಪ್ಪಿಸಿದೆ. ಬೆಳಿಗ್ಗೆ ಅಮ್ಮನ ಹತ್ತಿರ ನಾಯಿ ಹೆಸರು ಕೇಳಿದೆ. ಹೆಸರು ಹೇಳಿ, ‘ನೀನಿಲ್ಲಿ ಕೂತರೆ ಅದಕ್ಕೆ ಅನ್ನ ಹಾಕೋರು ಯಾರು?’ ಅಂತ ನನಗೇ ಬೈದರು.