ಇರುವೆಹಕ್ಕಿ ಅಂದರೆ ಸಾಕಾ? ನೆರೆ ನಿಲ್ಲುವ ಕಾಡಿಗೆ ಏನನ್ನೋಣ?

ಗೆಳೆಯರೇ, ಹಿಪೊಕ್ನೆಮಾಯ್ಡಿಸ್ ಅನ್ನೋ ಹಕ್ಕಿ ಕುಲಕ್ಕೆ ಕನ್ನಡದಲ್ಲಿ ಏನು ಹೆಸರಿಡಬಹುದು? ದಾವಣಗೆರೆಯ ಶಾಲೆ ಮಕ್ಕಳಿಗಾಗಿ ಅಮೆಜಾನ್ ಹಕ್ಕಿಗಳ ಬಗ್ಗೆ ಬರೆಯುತ್ತಿದ್ದೇನೆ. ಈ ಕುಲದಲ್ಲಿರುವುದು ಎರಡೇ ಜಾತಿ. ಎರಡೂ ಗುಬ್ಬಿಗಿಂತ ಚಿಕ್ಕವು, ಸುಮಾರು 11-12 ಸೆಂಟಿಮೀಟರ್ ಉದ್ದ. ಗಂಡಿನ ಮೈ ಬೂದು, ಗಂಟಲು ಕಪ್ಪು. ಇವು ಸೇರಿದ ದೊಡ್ಡ ಬಳಗದ ಹಕ್ಕಿಗಳಿಗೆ ಇಂಗ್ಲಿಷಿನಲ್ಲಿ ಆಂಟ್‌ಬರ್ಡ್ ಅನ್ನುತ್ತಾರೆ.

ಸುಮ್ನೆ ಇರುವೆಹಕ್ಕಿ ಅಂತ ಬರೆದರೆ ಇದು ಇರುವೆ ತಿನ್ನುವ ಹಕ್ಕಿ ಅಂತ ಮಕ್ಕಳು ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಹೆಸರು ಬಂದದ್ದು ಬೇರೆ ಕಾರಣಕ್ಕೆ: ಆ ಕಾಡುಗಳಲ್ಲಿ ದಂಡು ಕಟ್ಟಿಕೊಂಡು ಹೊರಡುವ ಇರುವೆಗಳಿವೆ, ಅವು ಸಾಗಿದ ಕಡೆಯೆಲ್ಲ ಮಿಡತೆ, ಜಿರಲೆ, ಜೇಡಗಳು ದಿಕ್ಕಾಪಾಲಾಗಿ ಓಡುತ್ತವೆ, ಈ ಬಳಗದ ಕೆಲವು ಹಕ್ಕಿಗಳು ಇರುವೆಗಳ ಹಿಂದೆಯೇ ಹೋಗಿ ಆ ಓಡುವ ಹುಳಗಳನ್ನು ಹಿಡಿಯುತ್ತವೆ. ಭದ್ರಾ ನಾಲೆಯ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ಹೋಗುತ್ತವಲ್ಲ, ಹಾಗೆ. ದನದ ಜೊತೆ ತಿರುಗುವ ಬೆಳ್ಳಕ್ಕಿಗೆ ಗೋವಕ್ಕಿ ಅಂದಿದ್ದೇವೆ. ಅದೇ ದಾರಿಯಲ್ಲಿ ಇಡೀ ಬಳಗಕ್ಕೆ ಇರುವೆಹಕ್ಕಿ ಅನ್ನುವುದು ನನಗೆ ಒಪ್ಪಿಗೆ.

ಆದರೆ ಈ ಎರಡು ಜಾತಿ ಇರುವೆ ದಂಡನ್ನು ನಂಬಿ ಬದುಕುವುದಿಲ್ಲ. ತೊರೆಯಂಚು, ನೀರು ನಿಂತ ಕಾಡು, ನೀರಿನ ಮೇಲೆ ಬಾಗಿದ ಕೊಂಬೆ, ಅಲ್ಲೇ ತಗ್ಗಿನಲ್ಲಿ ಓಡಾಡಿ ಹುಳ ಹೆಕ್ಕುತ್ತವೆ. ಹಾಗಾಗಿ ನೀರಂಚಿನ ಇರುವೆಹಕ್ಕಿ ಅಂತ ಬರೆಯೋಣ ಅಂದುಕೊಂಡಿದ್ದೇನೆ. ಜಾತಿಗಳನ್ನು ಗುರುತಿಸಲು ಕರಿಗದ್ದ ಅನ್ನುವುದು ಬೇಡ, ಎರಡರ ಗಂಡಿಗೂ ಅದಿದೆ. ಬಾಲದ ತುದಿಯ ಬಿಳಿ ಪಟ್ಟಿ ಒಂದರಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು, ಅದನ್ನೇ ಹಿಡಿಯಬಹುದು.

ನನಗೆ ಜಾಸ್ತಿ ತೊಡಕಾಗಿರುವುದು ಆ ನೀರು ನಿಲ್ಲುವ ಕಾಡಿನ ಹೆಸರು. ಜೌಗು ಅಂದರೆ ಯಾವಾಗಲೂ ಕೆಸರಿರುವ ನೆಲ ಅನಿಸುತ್ತದೆ. ಅಲ್ಲಿ ನದಿ ಉಕ್ಕಿ ತಿಂಗಳುಗಟ್ಟಲೆ ಮರಗಳ ನಡುವೆ ನಿಂತು, ಆಮೇಲೆ ಇಳಿಯುತ್ತದೆ. ಬಗ್ಗಡ ನೀರಿನ ನದಿಯ ಕಾಡಿಗೆ ವಾರ್ಜಿಯಾ, ಕಪ್ಪು ನೀರಿನದಕ್ಕೆ ಇಗಪೊ ಅಂತ ಅಲ್ಲಿನವರು ಬೇರೆ ಬೇರೆ ಹೆಸರಿಟ್ಟಿದ್ದಾರೆ. ನಮ್ಮ ಕಡೆ ನಾಲೆ ನೀರು ಬಸಿಯದೆ ಕೆಟ್ಟ ಹೊಲಕ್ಕೆ ಜವಳು ಅನ್ನುತ್ತೇವೆ. ಆ ಮಾತು ತಂದರೆ ಬೆಳೆ ಹೋದ ನೆಲವೇ ಕಣ್ಣಿಗೆ ಬರುತ್ತದೆ, ಹಕ್ಕಿ ತುಂಬಿದ ಕಾಡಿಗೆ ಅದು ಬೇಡವೇ ಬೇಡ. ಉತ್ತರ ಕನ್ನಡದಲ್ಲಿ ರಾಮಪತ್ರೆ ಮರಗಳಿರುವ ಜೌಗು ಕಾಡಿಗೆ ರಾಮಪತ್ರೆ ಜಡ್ಡಿ ಅನ್ನುತ್ತಾರೆ, ಆ 'ಜಡ್ಡಿ' ಚೆಂದದ ಮಾತು, ಆದರೆ ಅಲ್ಲಿ ಸಣ್ಣ ಹಳ್ಳದ ನೀರು, ಹೊಳೆಯ ನೆರೆಯಲ್ಲ. ಸದ್ಯಕ್ಕೆ ನೆರೆಗಾಡು ಅಂತ ಬರೆದಿಟ್ಟಿದ್ದೇನೆ.

ಹರಿಹರ, ಹೊನ್ನಾಳಿ ಕಡೆಯವರು ಯಾರಾದರೂ ಇದ್ದರೆ ಹೇಳಿ: ತುಂಗಭದ್ರೆ ಉಕ್ಕಿ ದಂಡೆಯ ಮರಗಳ ನಡುವೆ ನೀರು ನಿಂತಾಗ ಆ ಜಾಗಕ್ಕೆ ನಿಮ್ಮ ಹಿರಿಯರು ಏನನ್ನುತ್ತಾರೆ?